ಪರಿಸರ ವಿಜ್ಞಾನದ ಪಾಠಕ್ಕೆ ಅರೆಕಾಲಿಕ ಬೋಧಕರು: ಆಯ್ಕೆ, ಸಂಭಾವನೆ ಮತ್ತು ರೈತರ ಪಾತ್ರ

ಬೀಜ ಕೊಳ್ಳುವಾಗ ರೈತನು ಮೊಳಕೆಯ ಪ್ರಮಾಣವನ್ನು ವಿಚಾರಿಸುತ್ತಾನೆ. ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿ ಎಲ್ಲವನ್ನೂ ನೋಡುತ್ತಾನೆ. ಆದರೆ ಕಾಲೇಜಿಗೆ ಹೋಗುವ ತನ್ನ ಮಗನಿಗೆ ಅಥವಾ ಮಗಳಿಗೆ ಮಣ್ಣು, ನೀರು, ಗಾಳಿಯ ವಿಷಯವನ್ನು ಕಲಿಸುವವರು ಯಾರು, ಅವರನ್ನು ಯಾವ ರೀತಿಯಲ್ಲಿ ಆರಿಸಲಾಗುತ್ತದೆ ಎಂದು ವಿಚಾರಿಸುವ ರೈತರು ಬಹಳ ಕಡಮೆ. ಇದು ಕಾಲೇಜಿನವರಿಗೆ ಸೇರಿದ ಸಂಗತಿ, ತಮಗೇಕೆ ಎಂಬ ಭಾವನೆ ಸಾಮಾನ್ಯವಾಗಿದೆ.

ಈ ಭಾವನೆ ಸರಿಯಲ್ಲ. ಇಂದು ಪದವಿ ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಯೇ ನಾಳೆ ರೈತ ಸಂಪರ್ಕ ಕೇಂದ್ರದ ಅಧಿಕಾರಿಯಾಗುತ್ತಾನೆ, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯಾಗುತ್ತಾನೆ, ಬ್ಯಾಂಕಿನಲ್ಲಿ ಕೃಷಿ ಸಾಲದ ಅರ್ಜಿ ನೋಡುವವನಾಗುತ್ತಾನೆ. ಇಲ್ಲವೇ ಊರಿಗೆ ಮರಳಿ ತಂದೆಯ ಜಮೀನನ್ನು ನಡೆಸುತ್ತಾನೆ. ಕೆರೆಯ ನೀರು ಹಸಿರು ಬಣ್ಣಕ್ಕೆ ತಿರುಗಿದಾಗ, ಗದ್ದೆಯಲ್ಲಿ ಸವಳು ಕಾಣಿಸಿಕೊಂಡಾಗ, ಕೊಳವೆ ಬಾವಿಯ ನೀರು ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದಾಗ ಊರಿನವರು ಹೋಗಿ ಕೇಳುವುದು ಅವನನ್ನೇ. ಆಗ ಅವನಲ್ಲಿ ಉತ್ತರ ಇರಬೇಕಾದರೆ ಅವನಿಗೆ ಪಾಠ ಹೇಳಿದವರು ಪುಸ್ತಕದ ಬದನೆಕಾಯಿಯನ್ನಷ್ಟೇ ತೋರಿಸಿದವರಾಗಿರಬಾರದು.

ಈ ಪಾಠವನ್ನು ಅನೇಕ ಕಾಲೇಜುಗಳಲ್ಲಿ ಹೇಳುವವರು ಖಾಯಂ ಅಧ್ಯಾಪಕರಲ್ಲ, ಅರೆಕಾಲಿಕ ಬೋಧಕರು. ಆದುದರಿಂದ ಇವರ ನೇಮಕ ಹೇಗೆ ನಡೆಯುತ್ತದೆ, ಎಲ್ಲಿ ಕೊರತೆ ಉಂಟಾಗುತ್ತದೆ, ಅದನ್ನು ಸರಿಪಡಿಸುವುದರಲ್ಲಿ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯ ಕಡ್ಡಾಯವಾದ ಬಗೆ

ವಕೀಲರಾದ ಎಂ.ಸಿ. ಮೆಹ್ತಾ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ಒಂದು ಮುಖ್ಯವಾದ ತೀರ್ಪನ್ನು ನೀಡಿತು. ಪರಿಸರದ ತಿಳಿವಳಿಕೆಯು ಜನರಲ್ಲಿ ಹರಡಬೇಕು, ಅದನ್ನು ಶಿಕ್ಷಣದ ಬೇರೆ ಬೇರೆ ಹಂತಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕು ಎಂಬುದು ಆ ತೀರ್ಪಿನ ಸಾರ. ಕಾಲೇಜು ಮಟ್ಟದಲ್ಲಿ ಇದನ್ನು ಜಾರಿಗೆ ತರುವ ಹೊಣೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿಯ ಮೇಲೆ ಬಿದ್ದಿತು.

ಯುಜಿಸಿಯು 2003ರಲ್ಲಿ ಎಲ್ಲ ಪದವಿ ತರಗತಿಗಳಿಗೂ ಸಾಮಾನ್ಯವಾದ ಆರು ತಿಂಗಳ ಪಠ್ಯಕ್ರಮವನ್ನು ರೂಪಿಸಿತು. 2004-05ನೆಯ ಸಾಲಿನಿಂದ ಇದನ್ನು ಕಲಿಸಬೇಕೆಂದು ಗೊತ್ತುಪಡಿಸಲಾಯಿತು. ಕಲೆ, ವಾಣಿಜ್ಯ, ವಿಜ್ಞಾನ ಎಂಬ ಭೇದವಿಲ್ಲದೆ ಎಲ್ಲರೂ ಇದನ್ನು ಓದಬೇಕಾಯಿತು. ಇದರಲ್ಲಿ ಎಂಟು ಘಟಕಗಳು ಮತ್ತು ಒಟ್ಟು 50 ಪಾಠಗಳು ಇದ್ದುವು. ನೈಸರ್ಗಿಕ ಸಂಪನ್ಮೂಲ, ಜೀವ ಪರಿಸರ ವ್ಯವಸ್ಥೆ, ಜೀವ ವೈವಿಧ್ಯ, ಮಾಲಿನ್ಯ, ಸಾಮಾಜಿಕ ಸಮಸ್ಯೆಗಳು, ಜನಸಂಖ್ಯೆ ಮೊದಲಾದುವು ಮೊದಲ ಏಳು ಘಟಕಗಳಲ್ಲಿ ಬರುತ್ತಿದ್ದುವು. ಎಂಟನೆಯದು ಕ್ಷೇತ್ರ ಕಾರ್ಯ. 2023ರಲ್ಲಿ ಯುಜಿಸಿಯು ಪದವಿ ತರಗತಿಗಳ ಪರಿಸರ ಶಿಕ್ಷಣಕ್ಕೆ ಹೊಸ ಮಾರ್ಗಸೂಚಿಯನ್ನು ಹೊರಡಿಸಿ 4 ಕ್ರೆಡಿಟ್‌ಗಳ ಪಠ್ಯವನ್ನು ಸೂಚಿಸಿತು.

ಕೃಷಿ ವಿಶ್ವವಿದ್ಯಾನಿಲಯಗಳ ಪಠ್ಯಕ್ರಮವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಡೀನ್‌ಗಳ ಸಮಿತಿಯು ಶಿಫಾರಸು ಮಾಡುತ್ತದೆ. ಐದನೆಯ ಡೀನ್‌ಗಳ ಸಮಿತಿಯ ಪಠ್ಯಕ್ರಮದಲ್ಲಿ ಬಿ.ಎಸ್‌ಸಿ. ಕೃಷಿ ಪದವಿಗೆ 'ಪರಿಸರ ಅಧ್ಯಯನ ಮತ್ತು ವಿಪತ್ತು ನಿರ್ವಹಣೆ' ಎಂಬ ಕೋರ್ಸು ಇದೆ. ಇದರ ಮುಂದೆ 3(2+1) ಎಂದು ಬರೆದಿರುತ್ತದೆ. ವಾರಕ್ಕೆ ಎರಡು ತರಗತಿಗಳ ಪಾಠ, ಒಂದು ಪ್ರಾಯೋಗಿಕ ತರಗತಿ ಎಂದು ಇದರ ಅರ್ಥ. ಹೊಳೆ, ಕಾಡು, ಹುಲ್ಲುಗಾವಲುಗಳಿಗೆ ಹೋಗಿ ಅಲ್ಲಿರುವುದನ್ನು ದಾಖಲಿಸುವುದು, ಮಲಿನವಾದ ಒಂದು ಸ್ಥಳವನ್ನು ನೋಡಿ ಬರುವುದು, ಸುತ್ತಮುತ್ತಲಿನ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸುವುದು, ಕೊಳ ಮತ್ತು ಗುಡ್ಡದ ಇಳಿಜಾರುಗಳ ಅಧ್ಯಯನ, ಇವೆಲ್ಲ ಪ್ರಾಯೋಗಿಕ ಭಾಗಕ್ಕೆ ಸೇರಿವೆ.

ಅರೆಕಾಲಿಕ ಬೋಧಕರೇ ಏಕೆ?

ಕಡ್ಡಾಯ ವಿಷಯವಾದ ಮೇಲೆ ಖಾಯಂ ಅಧ್ಯಾಪಕರನ್ನು ನೇಮಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಅಡ್ಡಿಯಾಗಿರುವುದು ಮುಖ್ಯವಾಗಿ ಕೆಲಸದ ಲೆಕ್ಕ.

ಯುಜಿಸಿಯ 2018ರ ನಿಯಮಗಳಂತೆ ಒಬ್ಬ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಪರಿಸರದ ಪಾಠಕ್ಕೆ ಒಂದು ತರಗತಿಗೆ ವಾರಕ್ಕೆ 4 ಗಂಟೆ ಎಂದು ಹಿಡಿದರೂ 16 ಗಂಟೆ ತುಂಬಲು ನಾಲ್ಕು ತರಗತಿಗಳು ಬೇಕಾಗುತ್ತವೆ. ಅದೂ ಒಂದು ಸೆಮಿಸ್ಟರಿಗೆ ಮಾತ್ರ. ಉಳಿದ ಅರ್ಧ ವರ್ಷ ಅವರಿಗೆ ಕೆಲಸ ಇರುವುದಿಲ್ಲ. ತಾಲ್ಲೂಕು ಮಟ್ಟದ ಸಣ್ಣ ಕಾಲೇಜಿನಲ್ಲಿ ಇಷ್ಟು ತರಗತಿಗಳು ಇರುವುದೇ ಇಲ್ಲ. ಆದುದರಿಂದ ಹುದ್ದೆ ಮಂಜೂರಾಗುವುದಿಲ್ಲ. ಪರಿಸರ ವಿಜ್ಞಾನವನ್ನೇ ಪದವಿಯ ಮುಖ್ಯ ವಿಷಯವನ್ನಾಗಿ ಇಟ್ಟುಕೊಂಡಿರುವ ಕಾಲೇಜುಗಳಲ್ಲಿ ಮಾತ್ರ ಪೂರ್ಣಾವಧಿ ಹುದ್ದೆಗೆ ಸಾಕಷ್ಟು ಕೆಲಸ ಸಿಗುತ್ತದೆ.

ಎರಡನೆಯದಾಗಿ, ಈ ವಿಷಯವು ಒಂದೇ ಶಾಸ್ತ್ರಕ್ಕೆ ಸೇರಿದ್ದಲ್ಲ. ಮಣ್ಣಿನ ಸವಕಳಿಗೆ ಮಣ್ಣು ವಿಜ್ಞಾನಿ ಬೇಕು, ನೀರಿನ ಪರೀಕ್ಷೆಗೆ ರಸಾಯನ ಶಾಸ್ತ್ರ ಬಲ್ಲವರು ಬೇಕು, ಕಾಡಿನ ಪಾಠಕ್ಕೆ ಅರಣ್ಯ ಶಾಸ್ತ್ರ ಬಲ್ಲವರು ಬೇಕು, ಕಾಯಿದೆಗಳ ಪಾಠಕ್ಕೆ ಕಾನೂನು ತಿಳಿದವರು ಬೇಕು. ಇವೆಲ್ಲವನ್ನೂ ಬಲ್ಲ ಒಬ್ಬರೇ ಸಿಗುವುದು ಕಷ್ಟ. ಹೊರಗಿನ ಅನುಭವಿಗಳನ್ನು ಅಲ್ಪಾವಧಿಗೆ ಕರೆಸಿಕೊಳ್ಳುವ ಏರ್ಪಾಡು ಈ ವಿಷಯಕ್ಕೆ ವಾಸ್ತವವಾಗಿ ಒಳ್ಳೆಯದೇ. ಬದುವಿನ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದವರು ಬಂದು ಹೇಳುವ ಒಂದು ಗಂಟೆಯ ಮಾತು ಹತ್ತು ಪುಟಗಳ ಟಿಪ್ಪಣಿಗೆ ಸಮನಾಗಬಹುದು. ತೊಂದರೆ ಇರುವುದು ಆ ಏರ್ಪಾಡನ್ನು ನಡೆಸುವ ರೀತಿಯಲ್ಲಿ.

ಎಷ್ಟು ಬಗೆಯ ಬೋಧಕರು?

ಪರಿಸರದ ಪಾಠ ಹೇಳುವವರನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಬೇರೆ ವಿಭಾಗದ ಅಧ್ಯಾಪಕರು: ಸಸ್ಯಶಾಸ್ತ್ರ, ರಸಾಯನ ಶಾಸ್ತ್ರ ಅಥವಾ ಇನ್ನಾವುದೋ ವಿಭಾಗದವರಿಗೆ ಈ ತರಗತಿಗಳನ್ನು ಹೆಚ್ಚುವರಿಯಾಗಿ ಒಪ್ಪಿಸಲಾಗುತ್ತದೆ. ಕೆಲಸದ ಗಂಟೆಗಳು ಕಡಮೆ ಬಿದ್ದವರಿಗೆ ತುಂಬಿಸಲು ಕೊಡುವುದೂ ಉಂಟು. ಇವರು ಅರೆಕಾಲಿಕರಲ್ಲದಿದ್ದರೂ ಈ ವಿಷಯಕ್ಕೆ ಮಾತ್ರ ಅರೆಕಾಲಿಕರೇ.

2. ಅತಿಥಿ ಉಪನ್ಯಾಸಕರು: ಸ್ನಾತಕೋತ್ತರ ಪದವಿ ಪಡೆದು ಗಂಟೆಯ ಲೆಕ್ಕದಲ್ಲಿ ಅಥವಾ ತಿಂಗಳ ಗೌರವಧನದ ಮೇಲೆ ಪಾಠ ಮಾಡುವವರು. ಇವರ ಸಂಖ್ಯೆಯೇ ಹೆಚ್ಚು.

3. ನಿವೃತ್ತ ಅಧ್ಯಾಪಕರು: ಯುಜಿಸಿಯ ಮಾರ್ಗಸೂಚಿಯಂತೆ ನಿವೃತ್ತರಾದ ಅಧ್ಯಾಪಕರನ್ನು 70 ವರ್ಷ ವಯಸ್ಸಿನವರೆಗೆ ಅತಿಥಿ ಬೋಧಕರಾಗಿ ತೆಗೆದುಕೊಳ್ಳಬಹುದು.

4. ಅನುಭವದ ಬಲದಿಂದ ನೇಮಕವಾಗುವವರು: ಯುಜಿಸಿಯು 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹೊಸ ವರ್ಗವನ್ನು ಸೇರಿಸಿತು. ಪದವಿಗಿಂತ ಅನುಭವವನ್ನೇ ಮುಖ್ಯವಾಗಿ ನೋಡುವ ಈ ವರ್ಗದ ವಿವರವನ್ನು ಮುಂದೆ ಕೊಡಲಾಗಿದೆ.

ಅರ್ಹತೆ ಮತ್ತು ಸಂಭಾವನೆ

ಯುಜಿಸಿಯು 2019ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅತಿಥಿ ಬೋಧಕರಿಗೆ ಸಹಾಯಕ ಪ್ರಾಧ್ಯಾಪಕರಿಗೆ ಇರುವ ಅರ್ಹತೆಯೇ ಇರಬೇಕು. ಎಂದರೆ, ಸಂಬಂಧಪಟ್ಟ ವಿಷಯದಲ್ಲಿ ಶೇಕಡಾ 55ರಷ್ಟು ಅಂಕಗಳೊಡನೆ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ, ಇಲ್ಲವೇ ನಿಯಮದಂತೆ ಪಡೆದ ಪಿಎಚ್.ಡಿ. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ ಮೊದಲಾದವರಿಗೆ ಅಂಕಗಳಲ್ಲಿ ಶೇಕಡಾ 5ರ ರಿಯಾಯಿತಿ ಉಂಟು. ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನವು ಪ್ರತ್ಯೇಕ ವಿಷಯವಾಗಿಯೇ ಇದೆ.

ಇದೇ ಮಾರ್ಗಸೂಚಿಯು ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಎಂದು ಸಂಭಾವನೆಯನ್ನು ಗೊತ್ತುಪಡಿಸಿತು. ಅದಕ್ಕೆ ಮೊದಲು ಉಪನ್ಯಾಸಕ್ಕೆ 1,000 ರೂಪಾಯಿ, ತಿಂಗಳಿಗೆ 25,000 ರೂಪಾಯಿಯ ಮಿತಿ ಇತ್ತು. ಅತಿಥಿ ಬೋಧಕರಿಗೆ ಪಿಂಚಣಿ, ಗ್ರಾಚ್ಯುಯಿಟಿ, ಖಾಯಂ ನೌಕರರಿಗೆ ಸಿಗುವ ರಜೆ ಇವು ಇರುವುದಿಲ್ಲ.

ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳಲ್ಲಿ ರಾಜ್ಯ ಸರಕಾರವು ತಿಂಗಳ ಗೌರವಧನವನ್ನು ನಿಗದಿ ಮಾಡುತ್ತದೆ. ಬಹುಕಾಲ ಇದು ಯುಜಿಸಿ ಅರ್ಹತೆ ಇದ್ದವರಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ರೂಪಾಯಿ ಇತ್ತು. ಅತಿಥಿ ಉಪನ್ಯಾಸಕರ ಮುಷ್ಕರದ ತರುವಾಯ 2022ರ ಜನವರಿಯಲ್ಲಿ ಇದನ್ನು ಅರ್ಹತೆ ಮತ್ತು ಸೇವೆಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಗಳವರೆಗೆ ಏರಿಸಲಾಯಿತು. ಅದರೊಡನೆ ವಾರದ ಪಾಠದ ಗಂಟೆಗಳನ್ನೂ 15ಕ್ಕೆ ಹೆಚ್ಚಿಸಲಾಯಿತು. ಒಬ್ಬೊಬ್ಬರಿಗೆ ಹೆಚ್ಚು ಗಂಟೆಗಳು ದೊರೆತುದರಿಂದ ಬೇಕಾಗುವ ಜನರ ಸಂಖ್ಯೆ ಕಡಮೆಯಾಯಿತು. ಹಲವು ವರ್ಷ ಪಾಠ ಮಾಡಿದ್ದ ಕೆಲವರು ಹೊರಗೆ ಉಳಿಯಬೇಕಾಯಿತು.

ಕೊರತೆ ಎಲ್ಲಿದೆ?

ಹಳೆಯ 50 ಪಾಠಗಳ ಪಠ್ಯಕ್ರಮವನ್ನೇ ಒಂದು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಪರೀಕ್ಷೆಯ 100 ಅಂಕಗಳ ಪೈಕಿ 25 ಅಂಕಗಳನ್ನು ಕ್ಷೇತ್ರ ಕಾರ್ಯಕ್ಕೆ ಮೀಸಲಿಡಲಾಗಿತ್ತು. ಆದರೆ ಗಂಟೆಗಳ ಲೆಕ್ಕದಲ್ಲಿ ಕ್ಷೇತ್ರ ಕಾರ್ಯಕ್ಕೆ ಸಿಕ್ಕುದು 5 ಪಾಠಗಳಷ್ಟು ಅವಧಿ ಮಾತ್ರ. ಅಂಕದಲ್ಲಿ ಕಾಲು ಭಾಗ, ಸಮಯದಲ್ಲಿ ಹತ್ತನೆಯ ಒಂದು ಭಾಗ.

ಈಗ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಬೋಧಕರ ಸ್ಥಿತಿಯನ್ನು ನೋಡಬೇಕು. ವಿದ್ಯಾರ್ಥಿಗಳನ್ನು ಒಂದು ಕೆರೆಗೆ ಕರೆದೊಯ್ಯಬೇಕಾದರೆ ಮೊದಲು ತಾವೇ ಒಮ್ಮೆ ಹೋಗಿ ಸ್ಥಳ ನೋಡಿಕೊಂಡು ಬರಬೇಕು. ಊರಿನವರೊಡನೆ ಮಾತನಾಡಬೇಕು. ವಾಹನ ಗೊತ್ತುಮಾಡಬೇಕು, ಮಾದರಿ ತೆಗೆಯುವ ಸೀಸೆಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಹೊರಟ ದಿನ ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಹೊಣೆ ಹೊರಬೇಕು. ಬಂದ ಮೇಲೆ ವರದಿಗಳನ್ನು ತಿದ್ದಬೇಕು. ಇಷ್ಟಕ್ಕೂ ಕಾಲೇಜು ಎರಡು ಮೂರು ಪಿರಿಯಡ್‌ಗಳ ಲೆಕ್ಕ ಹಾಕಿದರೆ, ಆ ಬೋಧಕರು ಮುಂದಿನ ವರ್ಷ ಕೆರೆಯ ಹೆಸರನ್ನೇ ಎತ್ತುವುದಿಲ್ಲ. ಕೆರೆಯ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದು ಮುಗಿಸುತ್ತಾರೆ. ಇದರಲ್ಲಿ ಅವರನ್ನು ದೂರುವಂತಿಲ್ಲ. ಗೊಬ್ಬರ ಹಾಕದೆ ಇಳುವರಿ ಕೇಳಿದರೆ ಹೊಲವಾದರೂ ಕೊಡುವುದೆಲ್ಲಿಂದ?

ಆದಾಯದ ಲೆಕ್ಕವೂ ಹೀಗೆಯೇ. ಯುಜಿಸಿಯ ದರವನ್ನು ಪೂರ್ತಿಯಾಗಿ ಕೊಟ್ಟರೂ 50 ಪಾಠಗಳಿಗೆ ಬರುವುದು 75,000 ರೂಪಾಯಿ. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 12,500 ರೂಪಾಯಿ ಆಗುತ್ತದೆ. ಈ ಒಂದು ಕೋರ್ಸನ್ನೇ ನಂಬಿ ಯಾರೂ ಸಂಸಾರ ನಡೆಸಲಾರರು. ಆದುದರಿಂದ ಬೋಧಕರು ಎರಡು ಮೂರು ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡಬೇಕಾಗುತ್ತದೆ. ಅಂಥವರು ವಿದ್ಯಾರ್ಥಿಗಳ ಜೊತೆ ಹೊಲದಲ್ಲಿ ಒಂದು ದಿನ ಕಳೆಯಲು ಹೇಗೆ ಸಾಧ್ಯ?

ಮೂರನೆಯ ಕೊರತೆ ನೇಮಕದ ಸಮಯ. ಪ್ರವೇಶ ಮುಗಿದು, ತರಗತಿಗಳ ಸಂಖ್ಯೆ ಗೊತ್ತಾಗಿ, ಅನುಮತಿ ಬಂದು ನೇಮಕವಾಗುವ ಹೊತ್ತಿಗೆ ಸೆಮಿಸ್ಟರಿನ ಕೆಲವು ವಾರಗಳು ಕಳೆದಿರುತ್ತವೆ. ಹದ ತಪ್ಪಿದ ಮೇಲೆ ಬಿತ್ತಿದ ಬೆಳೆಯಂತೆ, ತಡವಾಗಿ ಬಂದ ಬೋಧಕರು ಪಠ್ಯವನ್ನು ಓಡಿಸಿ ಮುಗಿಸಬೇಕಾಗುತ್ತದೆ. ಆಗ ಮೊದಲು ಬಿಟ್ಟುಹೋಗುವುದು ಕ್ಷೇತ್ರ ಕಾರ್ಯವೇ.

ಇದರಿಂದ ಆಗುವ ನಷ್ಟವು ಪರೀಕ್ಷೆಯ ಫಲಿತಾಂಶದಲ್ಲಿ ಕಾಣುವುದಿಲ್ಲ. ವಿದ್ಯಾರ್ಥಿಯು ಮಾಲಿನ್ಯದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದು ತೇರ್ಗಡೆಯಾಗುತ್ತಾನೆ. ತನ್ನ ಊರಿನ ಕೊಳವೆ ಬಾವಿಯ ನೀರನ್ನು ಎಲ್ಲಿ ಪರೀಕ್ಷೆ ಮಾಡಿಸಬೇಕು, ಬಂದ ವರದಿಯನ್ನು ಹೇಗೆ ಓದಬೇಕು ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಅರೆಕಾಲಿಕ ಬೋಧಕರ ಆಯ್ಕೆಯನ್ನು ಕ್ರಮಬದ್ಧವಾಗಿ ನಡೆಸಿದರೆ ಮೇಲಿನ ಕೊರತೆಗಳಲ್ಲಿ ಬಹುಪಾಲು ನೀಗುತ್ತವೆ. ಕಾಲೇಜುಗಳು ಈ ಕೆಳಗಿನ ಅಂಶಗಳನ್ನು ಅನುಸರಿಸುವುದು ಉತ್ತಮ.

1. ಮುಂಗಡ ಪಟ್ಟಿ: ಹಿಂದಿನ ಸೆಮಿಸ್ಟರು ಮುಗಿಯುವ ಮೊದಲೇ ಅರ್ಜಿ ಕರೆದು, ಸಂದರ್ಶನ ನಡೆಸಿ, ಯೋಗ್ಯರಾದವರ ಪಟ್ಟಿಯನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು. ತರಗತಿಗಳು ಎಷ್ಟೆಂದು ಗೊತ್ತಾದ ಕೂಡಲೇ ಪಟ್ಟಿಯಿಂದ ಕರೆಯಬಹುದು.

2. ವಿಷಯಕ್ಕೆ ತಕ್ಕ ಪದವಿ: ಪರಿಸರ ವಿಜ್ಞಾನ, ಮಣ್ಣು ವಿಜ್ಞಾನ, ಅರಣ್ಯ ಶಾಸ್ತ್ರ, ಸಸ್ಯಶಾಸ್ತ್ರ ಮೊದಲಾದ ಹತ್ತಿರದ ವಿಷಯಗಳನ್ನು ಓದಿದವರಿಗೆ ಆದ್ಯತೆ ಇರಬೇಕು. ಗಂಟೆ ತುಂಬಿಸಲು ಸಿಕ್ಕಿದವರಿಗೆ ಒಪ್ಪಿಸಬಾರದು.

3. ಸ್ಥಳೀಯ ಸಮಸ್ಯೆಯ ಮೇಲೆ ಮಾದರಿ ಪಾಠ: ಸಂದರ್ಶನದಲ್ಲಿ ಅಭ್ಯರ್ಥಿಯಿಂದ ಹದಿನೈದು ನಿಮಿಷಗಳ ಪಾಠವನ್ನು ಮಾಡಿಸಬೇಕು. ವಿಷಯವು ಆ ಜಿಲ್ಲೆಯದೇ ಆಗಿರಬೇಕು. ತುಂಗಭದ್ರಾ ಅಚ್ಚುಕಟ್ಟಿನ ಕಾಲೇಜಾದರೆ ಸವಳು-ಜವಳು ಭೂಮಿ, ಕೊಡಗು ಅಥವಾ ಚಿಕ್ಕಮಗಳೂರಾದರೆ ಕಾಫಿ ಪಲ್ಪಿಂಗ್‌ನಿಂದ ಹೊರಬರುವ ಕೊಳೆನೀರು, ಕೋಲಾರವಾದರೆ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೆರೆಗಳಿಗೆ ತುಂಬಿಸುತ್ತಿರುವ ಯೋಜನೆ, ದಕ್ಷಿಣ ಕನ್ನಡವಾದರೆ 2011ರಲ್ಲಿ ನಿಷೇಧವಾದ ಎಂಡೋಸಲ್ಫಾನ್ ಗೇರು ತೋಟದ ಸುತ್ತಲಿನ ಜನರ ಮೇಲೆ ಮಾಡಿದ ಪರಿಣಾಮ.

4. ಕೈಕೆಲಸದ ಪರೀಕ್ಷೆ: ನೀರಿನ ಒಂದು ವರದಿಯನ್ನು ಮುಂದಿಟ್ಟು ಓದಿಸಬೇಕು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವಿಲ್ಲದಾಗ 1.5 ಮಿಲಿಗ್ರಾಂವರೆಗೆ ಅನುಮತಿ ಉಂಟು. ಮಣ್ಣಿನ ಸಾರದ ವಿದ್ಯುದ್ವಾಹಕತೆಯು ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಅದನ್ನು ಲವಣಯುಕ್ತ ಮಣ್ಣೆಂದು ಕರೆಯಲಾಗುತ್ತದೆ. ಇಂಥ ಅಂಕಿಗಳನ್ನು ರೈತನಿಗೆ ತಿಳಿಯುವ ಮಾತಿನಲ್ಲಿ ವಿವರಿಸಬಲ್ಲವರು ಒಳ್ಳೆಯ ಬೋಧಕರಾಗುತ್ತಾರೆ.

5. ಕ್ಷೇತ್ರ ಕಾರ್ಯಕ್ಕೆ ಪ್ರತ್ಯೇಕ ಸಂಭಾವನೆ: ಒಂದು ದಿನದ ಕ್ಷೇತ್ರ ಭೇಟಿಯನ್ನು ಪೂರ್ಣ ದಿನದ ಕೆಲಸವೆಂದೇ ಎಣಿಸಬೇಕು. ಮುಂಚಿತವಾಗಿ ಸ್ಥಳ ನೋಡಿ ಬರುವುದಕ್ಕೂ ವಾಹನಕ್ಕೂ ಕಾಲೇಜು ಹಣ ಒದಗಿಸಬೇಕು. ಇಡೀ ವ್ಯವಸ್ಥೆಯಲ್ಲಿ ಇದೊಂದು ಬದಲಾವಣೆಯಿಂದ ಸಿಗುವಷ್ಟು ಫಲ ಬೇರೆ ಯಾವುದರಿಂದಲೂ ಸಿಗಲಾರದು.

6. ನೆರೆಯ ಕಾಲೇಜುಗಳ ಸಹಕಾರ: ಒಂದೇ ತಾಲ್ಲೂಕಿನ ಎರಡು ಮೂರು ಕಾಲೇಜುಗಳು ಮಾತನಾಡಿಕೊಂಡು ಒಬ್ಬರೇ ಬೋಧಕರಿಗೆ ಬೇರೆ ಬೇರೆ ದಿನಗಳನ್ನು ಗೊತ್ತುಮಾಡಿದರೆ ಅವರಿಗೆ ಸಾಕಷ್ಟು ಕೆಲಸವೂ ಸಿಗುತ್ತದೆ, ಓಡಾಟವೂ ತಗ್ಗುತ್ತದೆ.

ಋತುವಿಗೆ ತಕ್ಕ ಪಾಠ

ಪರಿಸರದ ಪಾಠಕ್ಕೂ ಬೇಸಾಯದಂತೆಯೇ ಕಾಲ ಉಂಟು. ಮುಂಗಾರಿನ ಮೊದಲ ಮಳೆಗಳಲ್ಲಿ ಮಣ್ಣು ಕೊಚ್ಚಿಹೋಗುವುದನ್ನು, ಬದು ಇರುವ ಹೊಲಕ್ಕೂ ಇಲ್ಲದ ಹೊಲಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಾರೆ ತೋರಿಸಬಹುದು. ಮಳೆಗಾಲದ ಕೊನೆಯಲ್ಲಿ ಕೆರೆಗಳು ತುಂಬಿರುವಾಗ ಜಲಕಳೆ, ಮೀನು, ಹಕ್ಕಿಗಳ ಅಧ್ಯಯನ ಸುಲಭ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಳ್ಳಗಳ ನೀರು ಇಳಿದಿರುತ್ತದೆ. ಆಗ ಪಲ್ಪಿಂಗ್ ನೀರು ಸೇರಿದರೆ ಹಳ್ಳದ ಬಣ್ಣ, ವಾಸನೆ ಎರಡೂ ಬದಲಾಗುವುದನ್ನು ಗುರುತಿಸಬಹುದು. ಬೇಸಿಗೆಯಲ್ಲಿ ಅಂತರ್ಜಲದ ಮಟ್ಟವನ್ನು ಅಳೆಯಬಹುದು. ಲವಣವು ಮೇಲಕ್ಕೆ ಬಂದು ನೆಲದ ಮೇಲೆ ಬಿಳಿ ಪೊರೆ ಕಟ್ಟುವುದೂ ಆಗಲೇ ಎದ್ದು ಕಾಣುತ್ತದೆ. ಬೋಧಕರ ನೇಮಕ ತಡವಾದರೆ ಈ ಅವಕಾಶಗಳಲ್ಲಿ ಒಂದು ತಪ್ಪಿಹೋಗುತ್ತದೆ. ಅದು ಮತ್ತೆ ಬರುವುದು ಮುಂದಿನ ವರ್ಷ, ಆಗ ತರಗತಿಯಲ್ಲಿ ಕುಳಿತಿರುವವರು ಬೇರೆಯೇ ವಿದ್ಯಾರ್ಥಿಗಳು.

ರೈತರಿಗೂ ಜಾಗವಿದೆ

ಮೇಲೆ ಹೇಳಿದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ವರ್ಗವು ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿ. ತಮ್ಮ ವೃತ್ತಿಯಲ್ಲಿ ಗಣನೀಯ ಸಾಧನೆ ಮಾಡಿ ಕನಿಷ್ಠ 15 ವರ್ಷಗಳ ಅನುಭವ ಪಡೆದವರನ್ನು ಈ ವರ್ಗದಲ್ಲಿ ತೆಗೆದುಕೊಳ್ಳಬಹುದು. ವೃತ್ತಿಯಲ್ಲಿ ಉತ್ತಮ ಸಾಧನೆ ಇದ್ದರೆ ಔಪಚಾರಿಕ ಪದವಿ ಕಡ್ಡಾಯವಲ್ಲ. ಸಂಶೋಧನಾ ಲೇಖನಗಳನ್ನು ಪ್ರಕಟಿಸಿರಬೇಕೆಂಬ ನಿಯಮವೂ ಇಲ್ಲ. ಅಧ್ಯಾಪಕ ಹುದ್ದೆಯಲ್ಲಿ ಇರುವವರಿಗೆ ಅಥವಾ ಅದರಿಂದ ನಿವೃತ್ತರಾದವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಯಾವ ಯಾವ ಕ್ಷೇತ್ರದವರನ್ನು ಕರೆಯಬಹುದು ಎಂಬ ಪಟ್ಟಿಯಲ್ಲಿ ಎಂಜಿನಿಯರಿಂಗ್, ಕಾನೂನು ಮುಂತಾದುವುಗಳ ಜೊತೆಗೆ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್, ಜಲಾನಯನ ಅಭಿವೃದ್ಧಿ, ನೀರಿನ ಕೊಯ್ಲು, ಸಾವಯವ ಕೃಷಿ ಇವುಗಳನ್ನೂ ಹೆಸರಿಸಲಾಗಿದೆ. ಇವೆಲ್ಲವೂ ಪರಿಸರ ವಿಜ್ಞಾನದ ಪಠ್ಯದೊಳಗೇ ಬರುವ ವಿಷಯಗಳು. ಎಂದರೆ, ಹದಿನೈದು ಇಪ್ಪತ್ತು ವರ್ಷ ಜಲಾನಯನದ ಕೆಲಸವನ್ನು ಮುಂದೆ ನಿಂತು ನಡೆಸಿದವರು ಅಥವಾ ಸಾವಯವ ಬೇಸಾಯದಲ್ಲಿ ಹೆಸರು ಮಾಡಿದವರು ವಿಶ್ವವಿದ್ಯಾನಿಲಯದ ತರಗತಿಯಲ್ಲಿ ನಿಂತು ಪಾಠ ಹೇಳಲು ನಿಯಮದ ಅಡ್ಡಿ ಇಲ್ಲ.

ಇದಕ್ಕೆ ಕೆಲವು ಮಿತಿಗಳಿವೆ. ಇಂಥವರ ಸಂಖ್ಯೆಯು ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರಬಾರದು. ಸೇವಾವಧಿಯು ಮೂರು ವರ್ಷ. ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ ಮುಂದುವರಿಸಬಹುದು. ಸಂಭಾವನೆಯನ್ನು ಸಂಸ್ಥೆ ಮತ್ತು ತಜ್ಞರು ಪರಸ್ಪರ ಒಪ್ಪಿ ಗೊತ್ತುಮಾಡಿಕೊಳ್ಳಬೇಕು. ಗೌರವಾರ್ಥವಾಗಿ ಪಾಠ ಹೇಳಲೂ ಅವಕಾಶವಿದೆ. ಹೆಸರನ್ನು ಬೇರೆಯವರು ಸೂಚಿಸಬಹುದು, ತಜ್ಞರು ತಾವೇ ಮುಂದೆ ಬರಲೂ ಬಹುದು. ಈ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವುದು ಆಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಆದುದರಿಂದ ಹತ್ತಿರದ ವಿಶ್ವವಿದ್ಯಾನಿಲಯದ ಕುಲಸಚಿವರ ಕಚೇರಿಯಲ್ಲಿ ವಿಚಾರಿಸಬೇಕು.

ಇಷ್ಟು ದೊಡ್ಡ ಹುದ್ದೆ ಎಲ್ಲರಿಗೂ ಸಿಗುವಂಥದ್ದಲ್ಲ. ಆದರೆ ಪಾಠಕ್ಕೆ ನೆರವಾಗಲು ಹುದ್ದೆಯೇ ಬೇಕೆಂದಿಲ್ಲ. ರೈತರು ಮಾಡಬಹುದಾದ ಕೆಲವು ಕೆಲಸಗಳು ಹೀಗಿವೆ:

ಅ) ತಮ್ಮ ಹೊಲ, ಕೃಷಿ ಹೊಂಡ, ಎರೆಗೊಬ್ಬರದ ತೊಟ್ಟಿ ಇವುಗಳನ್ನು ವಿದ್ಯಾರ್ಥಿಗಳು ನೋಡಲು, ಅಳೆಯಲು ಬಿಟ್ಟುಕೊಡುವುದು.

ಆ) ಬಾವಿಯ ನೀರಿನ ಮಟ್ಟ, ಮಳೆಯ ಪ್ರಮಾಣ, ಹಾಕಿದ ಗೊಬ್ಬರ ಮತ್ತು ಔಷಧಿಯ ಲೆಕ್ಕವನ್ನು ಬರೆದಿಟ್ಟು ವಿದ್ಯಾರ್ಥಿಗಳಿಗೆ ಒದಗಿಸುವುದು. ಹತ್ತು ವರ್ಷಗಳ ಇಂಥ ಒಂದು ನೋಟುಬುಕ್ಕು ಯಾವ ಪಠ್ಯಪುಸ್ತಕಕ್ಕೂ ಕಡಮೆಯಲ್ಲ.

ಇ) ವಿದ್ಯಾರ್ಥಿಗಳು ತೆಗೆದ ಮಣ್ಣು ಮತ್ತು ನೀರಿನ ಮಾದರಿಗಳ ಫಲಿತಾಂಶವನ್ನು ತಮಗೂ ಕೊಡಬೇಕೆಂದು ಮೊದಲೇ ಕೇಳಿಕೊಳ್ಳುವುದು. ಪಾಠವೂ ಆಗುತ್ತದೆ, ರೈತನಿಗೆ ವರದಿಯೂ ಸಿಗುತ್ತದೆ.

ಈ) ಕಾಲೇಜಿನ ಪೋಷಕರ ಸಭೆಯಲ್ಲಿ ಅಥವಾ ಅಭಿವೃದ್ಧಿ ಸಮಿತಿಯಲ್ಲಿ ಈ ಪ್ರಶ್ನೆಗಳನ್ನು ಕೇಳುವುದು: ಪರಿಸರದ ಪಾಠ ಯಾರು ಮಾಡುತ್ತಾರೆ? ಅವರ ನೇಮಕ ಯಾವ ತಿಂಗಳಲ್ಲಿ ಆಯಿತು? ಈ ವರ್ಷ ವಿದ್ಯಾರ್ಥಿಗಳು ಎಷ್ಟು ದಿನ ಹೊರಗೆ ಹೋದರು?

ವಿಸ್ತರಣಾ ಕಾರ್ಯಕರ್ತರು ಇಲ್ಲಿ ಸೇತುವೆಯಂತೆ ಕೆಲಸ ಮಾಡಬಹುದು. ಯಾವ ಊರಿನಲ್ಲಿ ಯಾವ ಸಮಸ್ಯೆ ಇದೆ, ಯಾವ ರೈತರು ಅದನ್ನು ಹೇಗೆ ಎದುರಿಸಿದ್ದಾರೆ ಎಂಬ ಮಾಹಿತಿ ಅವರ ಬಳಿ ಇರುತ್ತದೆ. ಅದರ ಒಂದು ಪಟ್ಟಿಯನ್ನು ಮಾಡಿ ತಾಲ್ಲೂಕಿನ ಕಾಲೇಜಿನ ಬೋಧಕರಿಗೆ ಕೊಟ್ಟರೆ, ಹೊರಗಿನಿಂದ ಬಂದ ಅರೆಕಾಲಿಕ ಬೋಧಕರಿಗೆ ಅರ್ಧ ಕೆಲಸ ಮುಗಿದಂತೆಯೇ. ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಒಂದೆರಡು ಪಾಠಗಳಿಗೆ ಕರೆಸಲೂ ಅವರು ನೆರವಾಗಬಹುದು.

ಬೋಧಕರಾಗಬಯಸುವ ಯುವಕರಿಗೆ

ರೈತ ಕುಟುಂಬಗಳಲ್ಲಿ ಎಂ.ಎಸ್‌ಸಿ. ಓದಿದ ಯುವಕ ಯುವತಿಯರು ಇದ್ದಾರೆ. ಅವರು ಅರೆಕಾಲಿಕ ಬೋಧನೆಯನ್ನು ಒಪ್ಪಿಕೊಳ್ಳುವ ಮೊದಲು ಈ ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ನೇಮಕದ ಆದೇಶವು ಬರಹದಲ್ಲಿ ಇದೆಯೇ? ಅವಧಿ ಎಂದಿನಿಂದ ಎಂದಿನವರೆಗೆ? ಗೌರವಧನವು ಗಂಟೆಯ ಲೆಕ್ಕವೋ ತಿಂಗಳ ಲೆಕ್ಕವೋ? ಅದು ಪ್ರತಿ ತಿಂಗಳೂ ಬರುವುದೋ, ಸೆಮಿಸ್ಟರಿನ ಕೊನೆಯಲ್ಲಿ ಒಟ್ಟಾಗಿ ಬರುವುದೋ? ಕ್ಷೇತ್ರ ಕಾರ್ಯ, ಪರೀಕ್ಷೆಯ ಮೇಲ್ವಿಚಾರಣೆ, ಉತ್ತರ ಪತ್ರಿಕೆಗಳ ಮೌಲ್ಯಮಾಪನ ಇವುಗಳಿಗೆ ಬೇರೆ ಸಂಭಾವನೆ ಉಂಟೇ? ಕೊನೆಗೆ ಅನುಭವ ಪತ್ರ ದೊರೆಯುವುದೇ?

ಇದರ ಜೊತೆಗೆ ನೆಟ್ ಅಥವಾ ರಾಜ್ಯ ಅರ್ಹತಾ ಪರೀಕ್ಷೆಯ ಸಿದ್ಧತೆಯನ್ನು ಬಿಡಬಾರದು. ಅರೆಕಾಲಿಕ ಕೆಲಸವು ಮಳೆಯಾಶ್ರಿತ ಬೇಸಾಯದ ಹಾಗೆ. ಒಂದು ವರ್ಷ ಕೈ ಹಿಡಿದರೆ ಮತ್ತೊಂದು ವರ್ಷ ಕೈ ಬಿಡಬಹುದು. ಅರ್ಹತಾ ಪರೀಕ್ಷೆ ಪಾಸು ಮಾಡಿದವರಿಗೆ ಗೌರವಧನವೂ ಹೆಚ್ಚು, ಮುಂದೆ ಖಾಯಂ ಹುದ್ದೆಗೆ ಅರ್ಜಿ ಹಾಕುವ ದಾರಿಯೂ ತೆರೆದಿರುತ್ತದೆ.

ಪರಿಸರ ವಿಜ್ಞಾನವು ಕಾಲೇಜಿನ ಬಾಗಿಲು ದಾಟಿ ಬಂದು ಸುಮಾರು ಎರಡು ದಶಕಗಳಾದುವು. ಪಠ್ಯ ಇದೆ, ಪರೀಕ್ಷೆ ಇದೆ, ಅಂಕ ಇದೆ. ವಿದ್ಯಾರ್ಥಿಯನ್ನು ಕೆರೆಯ ದಂಡೆಗೆ, ಹೊಲದ ಬದುವಿಗೆ ಕರೆದೊಯ್ಯುವ ಬೋಧಕರು ಮತ್ತು ಅವರಿಗೆ ಸಲ್ಲಬೇಕಾದ ನ್ಯಾಯವಾದ ಸಂಭಾವನೆ ಒದಗಿದಾಗಲೇ ಆ ಪಾಠ ಊರಿಗೆ ಮರಳಿ ಬರುತ್ತದೆ. ಬರುವ ಸೆಮಿಸ್ಟರಿಗೆ ನೇಮಕ ನಡೆಯುವ ಮೊದಲೇ ರೈತ ಬಾಂಧವರು ತಮ್ಮ ತಾಲ್ಲೂಕಿನ ಕಾಲೇಜಿಗೆ ಒಮ್ಮೆ ಹೋಗಿ ಪ್ರಾಂಶುಪಾಲರನ್ನು ಕಂಡು, ಪರಿಸರದ ಪಾಠದ ಏರ್ಪಾಡು ಹೇಗಿದೆ ಎಂದು ವಿಚಾರಿಸಬೇಕು. ತಮ್ಮ ಹೊಲದ ವಿಳಾಸವನ್ನೂ ಕೊಟ್ಟು ಬರಬೇಕು.